ಸುಮ್ಮನೆ ನಡೆಯುವ ಕಷ್ಟ

ಆ ಭಾನುವಾರ ಬೆಳಿಗ್ಗೆಯೂ ಎಂದಿನಂತೆ ಹಾಲು ಕಾಯಿಸಿದೆ, ಸೌತೆಕಾಯಿ ಹಾಕಿದ ತೆಳು ದೋಸೆ, ನಮ್ಮ ತೆಳ್ಳೇವು, ಎರೆದೆ, ಉಳಿದ ಹಿಟ್ಟಿಗೆ ತಟ್ಟೆ ಮುಚ್ಚಿ ಅದರ ಮೇಲೆ ಲಟ್ಟಣಿಗೆ ಇಟ್ಟೆ. ನಮ್ಮ ಓಣಿಯ ಬೆಕ್ಕಿಗೆ ತಟ್ಟೆ ಸರಿಸುವ ವಿದ್ಯೆ ಗೊತ್ತು; ಲಟ್ಟಣಿಗೆ ಉರುಳುವ ಸದ್ದಿಗೆ ಮಾತ್ರ ಹೆದರುತ್ತದೆ. ಇವರು ಪೇಪರಿನ ಒಳಪುಟ ಓದುವಾಗ ಹೊರಪುಟವನ್ನು ನಾನು ಎದುರಿಗೆ ನಿಂತೇ ಓದಿ ಮುಗಿಸಿದ್ದಾಯಿತು. ಆಮೇಲೆ ವಾಕಿಂಗಿಗೆ ಹೊರಡಬೇಕೆಂದು, ಚಪ್ಪಲಿಗಿಂತ ಮೊದಲು ಚೀಲ ಹುಡುಕಿದೆ. ಖಾಲಿ ಬಟ್ಟೆಚೀಲ.

ಖಾಲಿ ಚೀಲವಿಲ್ಲದೆ ನಾನು ವಾಕಿಂಗಿಗೆ ಹೋಗುವುದಿಲ್ಲ. ಈ ಗುಟ್ಟು ನಿಮ್ಮಲ್ಲೇ ಇರಲಿ. ಶಿರಸಿಯಂಥ ಊರಿನಲ್ಲಿ ಹೆಂಗಸೊಬ್ಬಳು ಕೈ ಬೀಸಿಕೊಂಡು ರಸ್ತೆಗಿಳಿದಳೆಂದರೆ, ಮೊದಲ ತಿರುವಿನಲ್ಲೇ ಯಾರಾದರೂ “ಯಾವ ಬದಿಗೆ ಹೊಂಟಿದ್ದು?” ಎಂದು ಕೇಳುತ್ತಾರೆ. “ಎಲ್ಲಿಗೂ ಇಲ್ಲ, ಸುಮ್ಮನೆ ವಾಕಿಂಗು” ಎಂದರೆ ಅವರ ಮುಖ ಬಾಡುತ್ತದೆ. ದನಿ ತಗ್ಗಿಸಿ “ಶುಗರ್ರಾ?” ಎನ್ನುತ್ತಾರೆ. ಅಲ್ಲವೆಂದರೆ ಇನ್ನೂ ಕಷ್ಟ. ಕಾಯಿಲೆಯೂ ಇಲ್ಲದೆ, ಕೆಲಸವೂ ಇಲ್ಲದೆ ಮನೆ ಬಿಟ್ಟು ಹೊರಟವಳು ಮನೆಯಲ್ಲಿ ಜಗಳ ಮಾಡಿಕೊಂಡೇ ಬಂದಿರಬೇಕು ಎಂದು ಅವರ ಲೆಕ್ಕ. ನಾನು ಮನೆ ಮುಟ್ಟುವುದರೊಳಗೆ ಇವರಿಗೆ ಫೋನು ಬಂದಿರುತ್ತದೆ: “ಎಲ್ಲಾ ಅರಾಮಿದ್ರಲಿ?”

ಕೈಯಲ್ಲೊಂದು ಚೀಲ ಇದ್ದರೆ ಯಾರೂ ಕೇಳುವುದಿಲ್ಲ. ಚೀಲ ಹಿಡಿದವಳಿಗೆ ಒಂದು ಗುರಿಯಿದೆ, ಗುರಿಯಿದ್ದ ಮೇಲೆ ಗೌರವವಿದೆ. ಆದರೆ ಚೀಲಕ್ಕೂ ತನ್ನದೇ ಅಪಾಯವುಂಟು. “ಪ್ಯಾಟೆಗಾ? ಹಂಗಾರೆ ಯಂಗೊಂದು ಕಟ್ಟು ಕೊತ್ತಂಬರಿ” ಎಂದು ಗೇಟಿನೊಳಗಿಂದ ಕೂಗು ಬರುತ್ತದೆ. ಹೊಟ್ಟೆ ಕರಗಿಸಲು ಹೊರಟವಳು ಎಷ್ಟೋ ಸಲ ಮೂರು ಮನೆಯ ಕೊತ್ತಂಬರಿ ಹೊತ್ತು, ಬಗಲಲ್ಲಿ ಯಾರದೋ ಬೂದುಗುಂಬಳವನ್ನೂ ಇಟ್ಟುಕೊಂಡು ಮರಳಿದ್ದೇನೆ. ಭಾರ ಹೊತ್ತು ನಡೆಯುವುದು ಎಲುಬಿಗೆ ಒಳ್ಳೆಯದಂತೆ. ಇರಬಹುದು.

ಇನ್ನೊಂದು ಗಂಡಾಂತರ ಲಿಫ್ಟು. ನಮ್ಮ ಕಡೆಯವರ ಮನಸ್ಸು ಮೃದು. ನಡೆಯುವವರನ್ನು ಕಂಡರೆ ಬೈಕು ತಾನಾಗಿ ನಿಲ್ಲುತ್ತದೆ. “ಹತ್ತಿ, ಬಿಟ್ಟಿಕ್ಕೆ ಹೋಗ್ತೆ” ಎಂದವರಿಗೆ ಬೇಡವೆನ್ನುವುದು ಬಡಿಸಿದ ಎಲೆಯಿಂದ ಏಳುವಷ್ಟು ದೊಡ್ಡ ಅಪಚಾರ. ಡಾಕ್ಟರು ದಿನಾ ನಡೆಯಿರಿ ಎಂದ ಮೊದಲ ವಾರದಲ್ಲೇ ಇವರು ಒಂದು ಬೆಳಿಗ್ಗೆ ಹುರುಪಿನಿಂದ ಹೊರಟರು. ಹೋಗುವಾಗ ಒಬ್ಬರ ಸ್ಕೂಟರು ಸಿಕ್ಕಿತು, ಆ ಒಬ್ಬರ ಮನೆಯಲ್ಲಿ ಅವಲಕ್ಕಿ ಮೊಸರು ಸಿಕ್ಕಿತು, ಬರುವಾಗ ಇನ್ನೊಬ್ಬರ ಜೀಪು ಸಿಕ್ಕಿತು. ಗೇಟಿನೆದುರು ಜೀಪಿನಿಂದ ಇಳಿದು, “ಎಷ್ಟು ಹಗುರ ಅನ್ನಿಸ್ತಾ ಇದ್ದು ಗೊತ್ತಿದ್ದಾ” ಎಂದು ಹೊಟ್ಟೆ ಸವರಿಕೊಂಡರು.

ನಾನೇನು ನಡಿಗೆಯಲ್ಲಿ ಪಳಗಿದವಳೆಂದು ತಿಳಿಯಬೇಡಿ. ಓದಿದ್ದು ಕಾನ್ವೆಂಟಿನಲ್ಲಿ. ಶನಿವಾರ ನಮ್ಮನ್ನು ನೇಚರ್ ವಾಕ್ ಎಂದು ಕರೆದೊಯ್ಯುತ್ತಿದ್ದರು. ಇಬ್ಬಿಬ್ಬರ ಸಾಲು, ಕೈಗೆ ಕೈ, ತುಟಿಗೆ ಬೆರಳು. ಹೂ ಮುಟ್ಟುವಂತಿಲ್ಲ, ಹಿಂದೆ ತಿರುಗುವಂತಿಲ್ಲ, ಬಂದ ಮೇಲೆ ಹತ್ತು ವಾಕ್ಯ ಬರೆಯಬೇಕು. ನಿಸರ್ಗವನ್ನು ನಾನು ಮೊದಲು ಕಂಡದ್ದು ಮುಂದಿನ ಹುಡುಗಿಯ ಎರಡು ಜಡೆಗಳ ನಡುವಿನ ಸಂದಿಯಲ್ಲಿ. ಇವತ್ತಿಗೂ ರಸ್ತೆಯಲ್ಲಿ ಯಾರಾದರೂ ನನ್ನ ಪಕ್ಕಕ್ಕೆ ಬಂದರೆ ಕಾಲು ತಾನಾಗಿ ಅವರ ಹೆಜ್ಜೆಗೆ ಹೊಂದಿಕೊಳ್ಳುತ್ತದೆ. ಅವರು ನಿಂತರೆ ನಾನೂ ನಿಲ್ಲುತ್ತೇನೆ. ಒಮ್ಮೆ ಅಪರಿಚಿತರೊಬ್ಬರ ಜೊತೆ ಹೀಗೆ ಹೆಜ್ಜೆ ಹಾಕುತ್ತ ಅವರ ಬ್ಯಾಂಕಿನ ಮೆಟ್ಟಿಲ ತನಕ ಹೋಗಿಬಿಟ್ಟಿದ್ದೆ. ನಮ್ಮ ಹಳೆಯ ಕವಿಗಳನ್ನು ಕೇಳೋಣವೆಂದರೆ ಅವರೂ ಸಹಾಯಕ್ಕೆ ಬರುವುದಿಲ್ಲ. ಹೆಂಗಸು ಚೆನ್ನಾಗಿ ನಡೆದರೆ ಅವಳು ಹಂಸಗಮನೆ, ಇನ್ನೂ ಚೆನ್ನಾಗಿ ನಡೆದರೆ ಗಜಗಮನೆ. ಹಂಸವಾದರೂ ಆದೀತು. ಆದರೆ ಕೆರೆಯ ದಂಡೆಯಲ್ಲಿ ಬೆವರಿಳಿಸುತ್ತ ಬಿರಬಿರನೆ ನಡೆಯುವ ಯಾವ ಗೃಹಿಣಿಯನ್ನಾದರೂ ನಿಲ್ಲಿಸಿ, ನಿಮ್ಮ ನಡಿಗೆ ಆನೆಯ ಹಾಗಿದೆ ಎಂದು ಹೊಗಳಿ ನೋಡಿ.

ಕೆರೆಯೆಂದೆನಲ್ಲ, ನಮ್ಮ ಬಡಾವಣೆಯ ಕೆಳಗೊಂದು ಕೆರೆಯಿದೆ. ಈಚೆಗೆ ಅದರ ಹೂಳೆತ್ತಿ, ಸುತ್ತ ದಾರಿ ಮಾಡಿ, ಬೆಂಚು ಹಾಕಿ, ಹೊನ್ನೆ, ನೇರಳೆ ಸಸಿ ನೆಟ್ಟಿದ್ದಾರೆ. ಹಾಗೆ ನೋಡಿದರೆ ನಮ್ಮ ಸೀಮೆಯಲ್ಲಿ ದಾರಿಗೆ ಬರವಿಲ್ಲ. ಆದರೆ ಅವೆಲ್ಲ ಎಲ್ಲಿಗಾದರೂ ಹೋಗುವ ದಾರಿಗಳು. ಇದು ಶಾಲೆಗೆ, ಅದು ಹೊಳೆಗೆ, ಮತ್ತೊಂದು ಯಾರದೋ ಅಂಗಳದ ನಡುವೆ ಹಾದು ಬಸ್ಸಿಗೆ. ಎಲ್ಲಿಗೂ ಹೋಗದೆ, ಹೊರಟಲ್ಲಿಗೇ ತಂದು ನಿಲ್ಲಿಸುವ ದಾರಿಯನ್ನು ನಮ್ಮೂರು ಕಂಡದ್ದು ಈಗಲೇ.

ಈ ದಾರಿಗೆ ನಮ್ಮ ಅತ್ತೆಯನ್ನು ಇಳಿಸಬೇಕಿತ್ತು. ಅದೇ ಆ ಭಾನುವಾರದ ಕಷ್ಟ.

ಅತ್ತೆಯ ತವರು ಸಿದ್ದಾಪುರದ ಹತ್ತಿರ ಕೋಲಸಿರ್ಸಿ. ಚಿಕ್ಕಂದಿನಲ್ಲಿ ಪೇಟೆಗೆ ಮೊಸರು ಒಯ್ದದ್ದು, ಮದುವೆಯಾದ ಮೇಲೆ ಮುಂಜಿ, ಪೂಜೆಗೆ ಕರೆಯಲು ಮನೆಮನೆಗೆ ಹೇಳಿಕೆಗೆ ಹೋದದ್ದು, ಬಾಣಂತಿ ನೋಡಲು ಗುಡ್ಡ ಹತ್ತಿ ಇಳಿದದ್ದು, ಎಲ್ಲ ಕಾಲಿನಲ್ಲೇ. ನಡೆದೇ ಬದುಕು ಸವೆಸಿದ ಅವರು ಒಂದು ಸಲವೂ ‘ವಾಕಿಂಗ್’ ಮಾಡಿದವರಲ್ಲ. ಈ ಮಳೆಗಾಲದಲ್ಲಿ ಹಿತ್ತಲ ಪಾಚಿಯಲ್ಲಿ ಜಾರಿ ಬಿದ್ದರು. ಕಾಲಿಗೆ ಪ್ಲಾಸ್ಟರು ಬಂತು, ಪ್ಲಾಸ್ಟರು ಹೋಯಿತು. “ಎಲುಬು ಕೂಡಿದೆ. ಇನ್ನು ನಡೀಲೇಬೇಕು. ಕೂತೇ ಇದ್ರೆ ಮೊಣಕಾಲು ಗಟ್ಟಿಯಾಗಿ ಆಮೇಲೆ ಬಗ್ಗೋದೇ ಇಲ್ಲ” ಎಂದರು ಡಾಕ್ಟರು. ಅತ್ತೆ ತಲೆಯಾಡಿಸಿ ಮನೆಗೆ ಬಂದು ಜಗಲಿಯ ಮಂಚದ ಮೇಲೆ ಕುಳಿತವರು ಗೇಟಿನಾಚೆ ಕಾಲಿಡಲಿಲ್ಲ. ಇವರು ತಂದುಕೊಟ್ಟ ಊರುಗೋಲು ಬಹಳ ಉಪಯೋಗಕ್ಕೆ ಬಂತು. ಕೂತಲ್ಲಿಂದಲೇ ಫ್ಯಾನಿನ ಸ್ವಿಚ್ಚು ಒತ್ತಲು, ಕಾಗೆ ಓಡಿಸಲು, ಮೊಮ್ಮಗಳ ಟೀವಿ ಆರಿಸಲು. ನೆಲಕ್ಕೂರಿದ್ದನ್ನು ಮಾತ್ರ ನಾನು ನೋಡಲಿಲ್ಲ. ಕೇಳಿದರೆ, “ಅದು ಮುದುಕ್ರಿಗೆ” ಎಂದರು.

ನಮಗೆ ಚಿಂತೆ ಹತ್ತಿಸಿದ್ದು ಮೊಣಕಾಲಿಗಿಂತ ಹೆಚ್ಚಾಗಿ ಅವರ ತಂಗಿಯ ವಿಷಯ. ಆ ಚಿಕ್ಕಮ್ಮ ಇರುವುದು ಯಲ್ಲಾಪುರದಾಚೆ, ಮಾಗೋಡಿನ ಹತ್ತಿರ. ಬಸ್ಸು ಹತ್ತಿದರೆ ವಾಂತಿಯಾಗುವುದರಿಂದ ಅವರು ಊರು ಬಿಟ್ಟು ಹೊರಡುವವರಲ್ಲ. ಹಾಗಾಗಿ ಪ್ರತಿವರ್ಷ ಮಳೆ ಕಳೆದ ಮೇಲೆ ಅತ್ತೆಯೇ ಹೋಗುವುದು. ಬಸ್ಸಿಳಿದ ಮೇಲೆ ಗದ್ದೆಯ ಬದಿಯಲ್ಲಿ ಬಹು ದೂರದ ಕಾಲುದಾರಿ. ಕಾರು, ರಿಕ್ಷಾ ಯಾವುದೂ ಸಾಗದು. ಹೋದವರು ಎಂಟು ದಿನ ಇರುತ್ತಾರೆ. ಅಕ್ಕತಂಗಿ ಪಕ್ಕಪಕ್ಕ ಕುಳಿತು ಅಡಿಕೆ ಸುಲಿಯುತ್ತ, ನೀನು ದಪ್ಪ, ನಿನಗೆ ಕಿವಿ ಕೇಳುವುದಿಲ್ಲ ಎಂದು ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾರೆ. ವರ್ಷಕ್ಕಾಗುವಷ್ಟು ಬೈಗುಳ ಸಂಗ್ರಹಿಸಿಕೊಂಡು ಅತ್ತೆ ಮುಖ ಅರಳಿಸಿಕೊಂಡು ಬರುತ್ತಾರೆ.

ಈ ವರ್ಷ, “ಬ್ಯಾಡ ಬಿಡಿ. ಆ ದಾರಿ ಯಂಗೆ ಆಗ್ತಿಲ್ಲೆ” ಎಂದರು. ಚಿಕ್ಕಮ್ಮನ ಮಗ ಫೋನಿನಲ್ಲಿ, ದೊಡ್ಡಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತುಕೊಂಡು ಹೋಗುತ್ತೇವೆ ಎಂದ. ಅತ್ತೆ ಕೆಂಡವಾದರು. “ನಾಕು ಜನ ಹೊರದು ಒಂದೇ ಸಲ. ಅದ್ಕೆ ಇನ್ನೂ ಟೈಮಿದ್ದು ಹೇಳು ಅವಂಗೆ!” ಅಷ್ಟು ಹೇಳಿ ಫೋನನ್ನು ದಿಂಬಿನಡಿ ತುರುಕಿದರು. ಆಮೇಲೆ ತಂಗಿಯ ಫೋನು ಬಂದಾಗಲೆಲ್ಲ ದಿಂಬು ಗುಂಯ್‌ಗುಟ್ಟುತ್ತಿತ್ತು. ಅತ್ತೆ ಗೋಡೆಯ ಕಡೆ ನೋಡುತ್ತಿದ್ದರು. ಏನೆಂದು ಹೇಳುವುದು ತಂಗಿಗೆ? ಬೈಯುವ ಹುರುಪಾದರೂ ಬೇಡವೆ?

ಹಾಗಾಗಿ ಕುಟುಂಬ ಸಮೇತ ಕೆರೆ ದಂಡೆ. “ಆಯಿ, ನೀನು ನಡೆಯದು ಬ್ಯಾಡ, ಬೆಂಚಿನ ಮೇಲೆ ಕೂತ್ಕಂಡು ಗಾಳಿ ತಗ” ಎಂದು ಇವರು ಮೆತ್ತಗೆ ಹೇಳಿ ಕಾರು ಹತ್ತಿಸಿದರು. ಮಗಳು ಸಿರಿ ತನ್ನ ಸೈಕಲ್ಲಿನಲ್ಲಿ ಮುಂದೆ ಹೋದಳು. ಅವಳು ಆರನೆಯ ಕ್ಲಾಸು. ಹೋದ ಬೇಸಿಗೆಯಲ್ಲಿ ಸೈಕಲ್ ಕಲಿತು, ಈಗ ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ಇನ್ನೊಂದು ಕೈಯಲ್ಲಿ ಪೇರಲೆ ತಿನ್ನುವಷ್ಟು ಪಳಗಿದ್ದಾಳೆ. ನಾನು ಚೀಲ ಹಿಡಿದು ಹಿಂದಿನ ಸೀಟಿನಲ್ಲಿ ಅತ್ತೆಯ ಪಕ್ಕ ಕುಳಿತೆ.

ಅತ್ತೆ ಬೆಂಚಿನ ಮೇಲೆ ಕುಳಿತು ಕೆರೆಯ ಸುತ್ತ ಹೋಗುತ್ತಿದ್ದ ಜನರನ್ನು ಒಂದಿಷ್ಟು ಹೊತ್ತು ನೋಡಿದರು.

“ಇವ್ವೆಲ್ಲಾ ಎಲ್ಲಿಗೆ ಹೋಗ್ತಾ ಇದ್ದ?”

“ಎಲ್ಲಿಗೂ ಇಲ್ಲೆ ಅತ್ತೆ. ಸುತ್ತು ಹಾಕ್ತ.”

“ಸುತ್ತು ಹಾಕಿಕ್ಕೆ?”

“ಇಲ್ಲಿಗೇ ಬತ್ತ.”

“ಹಂಗಾರೆ ಆನು ಆಗ್ಲೇ ಬಂದು ಮುಟ್ಟಿದ್ದೆ ಬಿಡು” ಎಂದು ಸೆರಗು ಹೊದ್ದು ಭದ್ರವಾಗಿ ಕುಳಿತರು.

ಇವರು ಊರುಗೋಲನ್ನು ಬಗಲಲ್ಲಿಟ್ಟುಕೊಂಡು ಕೆರೆಯ ನೀರು ನೋಡಿದರು. ನಾನು ಚೀಲ ಮಡಿಸಿ ಬಿಚ್ಚಿ ಮಡಿಸಿದೆ. ಇನ್ನೇನು ಮನೆಗೆ ಹೋಗೋಣವೆನ್ನಬೇಕು, ಅಷ್ಟರಲ್ಲಿ ಸಿರಿ ಒಂದು ಸುತ್ತು ಮುಗಿಸಿ ನಮ್ಮ ಕಡೆ ಬಂದಳು. ಬೆಂಚಿನ ಹತ್ತಿರ ಜಲ್ಲಿಕಲ್ಲು ಹರಡಿತ್ತು. ಅಲ್ಲಿ ನಿಲ್ಲಿಸಲು ಹೋಗಿ ಸೈಕಲ್ಲು ಕೊಂಚ ವಾಲಿತು.

“ಏ ಕೂಸೇ, ಬೀಳ್ತೆ!”

ಬೆಂಚಿನ ಮೇಲಿದ್ದ ಅತ್ತೆ ಬೆಂಚಿನ ಮೇಲಿರಲಿಲ್ಲ. ಎದ್ದು, ದಾಟಿ, ಸೈಕಲ್ಲಿನ ಕ್ಯಾರಿಯರನ್ನು ಎರಡೂ ಕೈಯಲ್ಲಿ ಬಲವಾಗಿ ಹಿಡಿದು ನಿಂತಿದ್ದರು. ಸಿರಿಗೆ ಅಭಿಮಾನಭಂಗವಾಯಿತು. “ಅಜ್ಜೀ, ಬಿಡು, ಯಂಗೆ ಸೈಕಲ್—” ಎಂದು ತಿರುಗಿದವಳು ಅಜ್ಜಿಯ ಕೈ ನೋಡಿದಳು, ಕಾಲು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ನನ್ನ ಮುಖದಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಅವಳು ಮುಂದೆ ತಿರುಗಿ ಪೆಡಲಿನ ಮೇಲೆ ಕಾಲಿಟ್ಟು, “ಬಿಡಡ ಅಜ್ಜಿ. ಬಿಟ್ರೆ ಬೀಳ್ತೆ” ಎಂದಳು.

“ಬಿಡ್ತ್ನಿಲ್ಲೆ. ನೀನು ಮುಂದೆ ನೋಡ್ಕಂಡು ಹೊಡಿ.”

ಹೊರಟಿತು ಮೆರವಣಿಗೆ. ಮುಂದೆ ಸಿರಿ, ಅವಳ ಹಿಂದೆ ಕ್ಯಾರಿಯರು ಹಿಡಿದ ಅತ್ತೆ, ಅವರ ಹಿಂದೆ ಊರುಗೋಲು ಹಿಡಿದ ಇವರು, ಕೊನೆಯಲ್ಲಿ ಖಾಲಿ ಚೀಲದ ನಾನು. ಸೈಕಲ್ಲನ್ನು ಜೋರಾಗಿ ಹೊಡೆಯುವುದು ಯಾರಿಗಾದರೂ ಬರುತ್ತದೆ. ಏಟು ತಿಂದು ಎದ್ದ ಕಾಲಿನ ಜೊತೆಗೆ, ಅದು ಎಳೆದಂತೆಯೂ ಆಗದೆ ನಿಂತಂತೆಯೂ ಆಗದೆ ಹೊಡೆಯುವುದು ಎಂಥ ಸರ್ಕಸ್ಸೆಂದು ನೋಡಿಯೇ ತಿಳಿಯಬೇಕು. ಮೊದಮೊದಲು ಬೇಕೆಂದೇ ವಾಲುತ್ತಿದ್ದ ಹುಡುಗಿ ಆಮೇಲಾಮೇಲೆ ನಿಜವಾಗಿಯೇ ವಾಲತೊಡಗಿದಳು. ಅವಳು ವಾಲಿದಾಗಲೆಲ್ಲ ಅತ್ತೆ “ಹಾಂ! ಹಾಂ!” ಎಂದು ಗದರಿ ನೆಟ್ಟಗೆ ಮಾಡುವರು. ಹಾಗೆ ಗದರುವಾಗ ಅವರಿಗೆ ತಮ್ಮ ಮೊಣಕಾಲಿನ ನೆನಪಿರಲಿಲ್ಲ.

ಕೆರೆ ಸುತ್ತುವವರ ಮೃದು ಮನಸ್ಸು ಸುಮ್ಮನಿದ್ದೀತೆ? ಮಂಕಿ ಟೋಪಿಯ ಹಿರಿಯರೊಬ್ಬರು ತಮ್ಮ ನಡಿಗೆ ನಿಲ್ಲಿಸಿ, “ತಂಗೀ, ಗಾಲಿ ನೋಡಡ, ದೂರ ನೋಡು” ಎಂದರು. ಕಿವಿಗೆ ಹಾಡು ಸಿಕ್ಕಿಸಿಕೊಂಡು ಓಡುತ್ತಿದ್ದ ಹುಡುಗನೊಬ್ಬ ಹಾಡು ಕಿತ್ತು, ಸೀಟು ಎತ್ತರವಾಯಿತೆಂದ. ಇನ್ನೊಬ್ಬಾಕೆ ಆಚೆಯ ತಿರುವಿನ ತನಕ ನಮ್ಮ ಜೊತೆಗೇ ಬಂದು, ತನ್ನ ಮಗನಿಗೆ ಇಳಿಜಾರಿನಲ್ಲಿ ಬಿಟ್ಟು ಕಲಿಸಿದ ಕಥೆ ಹೇಳಿದಳು. ಆ ಮಗನ ಹಲ್ಲು ಮುರಿದದ್ದನ್ನೂ ಹೇಳಿದಳು. ಸಿರಿಯ ಕಿವಿ ಕೆಂಪಾಗುತ್ತ ಹೋಯಿತು. ಅತ್ತೆ ಮಾತ್ರ ಗುರುವಿನ ಗತ್ತಿನಲ್ಲಿ, “ಕೂಸಿಗೆ ಎಲ್ಲಾ ಗೊತ್ತಿದ್ದು. ನಿಂಗ ದಾರಿ ಬಿಡಿ” ಎಂದು ಎಲ್ಲರನ್ನೂ ಸರಿಸಿ ಮುಂದೆ ನಡೆದರು.

ಅರ್ಧ ಸುತ್ತು ಆಗಿರಬಹುದು. ಎದುರಿನಿಂದ ಸಿರಿಯ ಕ್ಲಾಸಿನ ಹುಡುಗಿಯರಿಬ್ಬರು ಗೇರ್ ಸೈಕಲ್ಲಿನಲ್ಲಿ ಬಂದರು. ಹನ್ನೊಂದು ವರ್ಷದವಳ ಮಾನವೆಂದರೆ ಸಣ್ಣ ಸಂಗತಿಯಲ್ಲ. ನಾವು ದೊಡ್ಡವರಾದ ಮೇಲೆ ಅಷ್ಟು ದೊಡ್ಡ ಮಾನ ನಮಗೆ ಉಳಿದಿರುವುದಿಲ್ಲ.

“ಸಿರೀ! ಎಂತ ಮಾಡ್ತಾ ಇದ್ಯೇ? ನಿಂಗೆ ಸೈಕಲ್ ಬರ್ತಿತ್ತಲ್ಲೇ, ಮೊನ್ನೆ ಶಾಲೆಗೆ ತಂದಿದ್ದೆ!”

ಮೆರವಣಿಗೆ ನಿಂತಿತು. ಅತ್ತೆಯ ಕೈ ಕ್ಯಾರಿಯರಿನ ಮೇಲೇ ಇತ್ತು. ಇವರು ಊರುಗೋಲನ್ನು ಬೆನ್ನ ಹಿಂದೆ ಬಚ್ಚಿಟ್ಟರು, ಏಕೆಂದು ಅವರಿಗೂ ಗೊತ್ತಿರಲಿಕ್ಕಿಲ್ಲ. ಸಿರಿ ಹ್ಯಾಂಡಲಿನ ಗಂಟೆಯನ್ನು ಬೆರಳಿನಿಂದ ಒಮ್ಮೆ ಒರೆಸಿ, ತಲೆಯೆತ್ತದೆ, “ಮರ್ತೋಯ್ತು” ಎಂದಳು.

ಆ ಇಬ್ಬರೂ ಕಿಸಕ್ಕನೆ ನಕ್ಕರು. “ಸೈಕಲ್ ಮರ್ತೋಗ್ತನೇ ಯಾರಿಗಾದ್ರೂ?”

ಅತ್ತೆಗೆ ಸಿಟ್ಟು ಬಂತು. “ಎಂತಕ್ಕೆ ಮರ್ತೋಗ್ತಿಲ್ಲೆ? ಮಳೆಗಾಲ ಇಡೀ ಬಿಟ್ರೆ ಯಾರಿಗಾದ್ರೂ ಮರೀತು. ನಾಕು ದಿನ ರೂಢಿ ಮಾಡಿದ್ರೆ ಮತ್ತೆ ಬತ್ತು. ನಗ್ಯಾಡದೆಂತ ಇದ್ದು ಅದ್ರಲ್ಲಿ? ಹೊಡಿಯೇ ಕೂಸೆ ನೀನು!”

ಕೂಸು ಹೊಡೆಯಿತು. ಅತ್ತೆ ನಡೆದರು. ನಾನು ಚೀಲದೊಳಗೆ ಮುಖ ಹಾಕಿ ಏನನ್ನೋ ಹುಡುಕುವಂತೆ ಮಾಡಿ ತುಸು ಹಿಂದುಳಿದೆ. ಖಾಲಿ ಚೀಲಕ್ಕೆ ಇಂಥದೊಂದು ಉಪಯೋಗವೂ ಉಂಟೆಂದು ಅಂದು ಗೊತ್ತಾಯಿತು. ಮತ್ತೆ ಬೆಂಚು ಬಂದಾಗ ಅತ್ತೆ ಅದನ್ನು ಗುರುತಿಸಲೇ ಇಲ್ಲ. ಇವರೇ “ಆಯಿ, ಸುತ್ತು ಮುಗತ್ತು” ಎನ್ನಬೇಕಾಯಿತು. “ಮುಗತ್ತಾ?” ಎಂದು ಹಿಂದೆ ತಿರುಗಿ ಕೆರೆಯನ್ನು ಕಣ್ಣಗಲಿಸಿ ನೋಡಿದರು. ಕಾರಿನಲ್ಲಿ ಕುಳಿತ ಮೇಲೆ ನನ್ನ ಕಿವಿಯಲ್ಲಿ, “ಕೂಸಿಗೆ ಇನ್ನೂ ಪೂರ್ತಿ ಧೈರ್ಯ ಬಂಜಿಲ್ಲೆ. ನಾಳೆಯೂ ಬರವು” ಎಂದರು.

ಮನೆಗೆ ಬಂದ ಸಿರಿ ಸೈಕಲ್ಲನ್ನು ಪೋರ್ಟಿಕೋದ ಕಂಬಕ್ಕೆ ಒರಗಿಸಿ, ನನ್ನೆದುರು ಸೊಂಟಕ್ಕೆ ಕೈಯಿಟ್ಟು ನಿಂತಳು. “ಅಮ್ಮಾ, ಇನ್ನು ಎಷ್ಟು ದಿನ ಯಂಗೆ ಸೈಕಲ್ ಬಪ್ಪದಿಲ್ಲೆ?” ನಾನು ಎರಡು ತೆಳ್ಳೇವು ಹೆಚ್ಚು ಹಾಕಿ, ಬೆಲ್ಲ ತುಪ್ಪ ಬಡಿಸಿದೆ. ಒಬ್ಬರನ್ನು ನಡೆಸಲು ಇನ್ನೊಬ್ಬರು ಬೀಳುವ ಹಾಗೆ ನಟಿಸಬೇಕಾದ ಲೋಕದಲ್ಲಿ, ನಟಿಸುವವರಿಗೆ ಕನಿಷ್ಠ ತುಪ್ಪವಾದರೂ ಸಿಗಬೇಕು. ಕಾನ್ವೆಂಟಿನಲ್ಲಿ ಸುಳ್ಳು ಹೇಳಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಈ ಸುಳ್ಳಿನಿಂದ ಬೆಂಚು ಬಿಟ್ಟು ಎದ್ದವರೂ ಇದ್ದಾರೆಂದು ಸಿಸ್ಟರಿಗೆ ಹೇಳಬೇಕೆನಿಸಿತು. ಅತ್ತೆಗೆ ಹುಡುಗಿಯ ನಾಟಕ ಗೊತ್ತಾಗಿತ್ತೋ ಇಲ್ಲವೋ, ಅದೂ ನನಗೆ ತಿಳಿಯಲಿಲ್ಲ. ಮಧ್ಯಾಹ್ನ ಕಾಲಿಗೆ ಎಣ್ಣೆ ನೀವುವಾಗ ಕೇಳೋಣವೆಂದುಕೊಂಡೆ. ಅವರು ಗೊರಕೆ ಹೊಡೆಯುತ್ತಿದ್ದರು.

ಸಂಜೆ ಚಹಾ ಮಾಡಿ ಜಗಲಿಗೆ ಒಯ್ದರೆ ಮಂಚ ಖಾಲಿ. ಬಚ್ಚಲಲ್ಲಿಲ್ಲ, ಹಿತ್ತಲಲ್ಲಿಲ್ಲ. ಊರುಗೋಲು ಕಿಟಕಿಯ ಸರಳಿಗೆ ತೂಗುತ್ತಿದೆ, ಸೈಕಲ್ಲು ಕಂಬಕ್ಕೆ ಒರಗಿದೆ, ಸಿರಿ ಒಳಗೆ ಲೆಕ್ಕ ಮಾಡುತ್ತಿದ್ದಾಳೆ. ಅತ್ತೆಯ ಚಪ್ಪಲಿ ಮಾತ್ರ ಇಲ್ಲ. ಗೇಟು ಅರ್ಧ ತೆರೆದಿದೆ. ಚಹಾದ ಲೋಟ ಮೆಟ್ಟಿಲ ಮೇಲೆ ಇಟ್ಟು, ಚೀಲವನ್ನೂ ಮರೆತು ರಸ್ತೆಗೆ ಓಡಿದೆ.

ನಮ್ಮ ಓಣಿ ಇಳಿಜಾರು. ಕೊನೆಯ ಮನೆ ನೀಲಕ್ಕನದು. ಬನವಾಸಿ ಕಡೆಯವರು, ಯಜಮಾನರಿಗೆ ಪೇಟೆಯಲ್ಲಿ ಕಿರಾಣಿ ಅಂಗಡಿ, ಸುತ್ತಲ ಊರಿಗೆಲ್ಲ ಬಸ್ಸಿನ ಮೇಲೆ ಸಾಮಾನು ಕಳಿಸುತ್ತಾರೆ. ನೀಲಕ್ಕ ಕಾಂಪೌಂಡಿನ ಮೇಲೆ ಒಣಹಾಕಿದ ಚಾದರ ಕೊಡವುತ್ತಿದ್ದರು. ನನ್ನ ಏದುಸಿರು ಕಂಡು ಚಾದರ ಹೆಗಲಿಗೆ ಹಾಕಿಕೊಂಡರು.

“ನಿಮ್ಮ ಅತ್ತಿಯವ್ರನ್ನ ಹುಡುಕಾಕ ಬಂದ್ರೇನು? ಒಳಗ ಕುಂತಾರ ಬರ್ರಿ, ನಮ್ಮನಿಯವರ ಕೂಡ ಮಾತಾಡಾಕತ್ತಾರ” ಎಂದು ಚಾದರದ ತುದಿ ನನ್ನ ಕೈಗೆ ಕೊಟ್ಟು ಮಡಿಸತೊಡಗಿದರು. “ಅಲ್ರೀ, ಯಲ್ಲಾಪುರ ಬಸ್ಸಿನ ಮ್ಯಾಲೆ ಸೈಕಲ್ ಏರಿಸಿ ಕಟ್ಟತಾರೇನು ಅಂತ ಕೇಳಾಕತ್ತಿದ್ರಲ್ಲ, ಗದ್ದಿ ದಾರ್ಯಾಗ ಹಿಂದ ಹಿಡಕೊಂಡು ಕಲಿಸಬೇಕಂತ, ಆ ಕಡೆ ಯಾವ ಹುಡುಗಿ ಸೈಕಲ್ ಕಲಿಯಾಕತ್ತೈತ್ರಿ?”